ತೊಳೆದದ್ದೇ ದೌತಿ

ಹೊನ್ನಯ್ಯ ಮೇಷ್ಟ್ರ ಬಾಯಿಂದ ‘ಗೊತ್ತಿಲ್ಲ’ ಎಂಬ ಮಾತನ್ನು ಕೇಳಿದವರು ಶಿವಮೊಗ್ಗದಲ್ಲಿ ಯಾರೂ ಇರಲಿಲ್ಲ. ಕಾಗೆಗೆ ಕಾಗೆ ಎಂದು ಯಾಕೆ ಹೆಸರು ಬಂತು ಎಂದು ಕೇಳಿದರೆ ಉತ್ತರ ಸಿದ್ಧ. ಆಯನೂರಿಗೆ ಆ ಹೆಸರು ಹೇಗೆ ಬಂತು ಎಂದು ಕೇಳಿದರೆ ಒಂದಲ್ಲ, ಮೂರು ಉತ್ತರ ಸಿದ್ಧ. ಅದು ಅವರ ಹುಟ್ಟೂರು, ಅದಕ್ಕೇ ಅಷ್ಟು ಧಾರಾಳ. ಮೂವತ್ತೆರಡು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿ ಹಿಂದಿನ ವರ್ಷ ನಿವೃತ್ತರಾಗಿದ್ದರು. ಆದರೂ ಕೋಟಿನ ಜೇಬಿನಲ್ಲಿ ಸೀಮೆಸುಣ್ಣದ ತುಂಡು ಇಲ್ಲದೆ ಮನೆಯಿಂದ ಹೊರಗೆ ಕಾಲಿಡುತ್ತಿರಲಿಲ್ಲ. ಅವರ ಹೆಂಡತಿ ಸುವರ್ಣಮ್ಮ ಕೋಟು ಒಗೆಯುವಾಗಲೆಲ್ಲ ಆ ಜೇಬನ್ನು ಕೊಡವಿ, ಗಂಡನನ್ನೂ ಒಂದಷ್ಟು ಕೊಡವುತ್ತಿದ್ದರು.

ಅವರ ಉತ್ತರಗಳಲ್ಲೆಲ್ಲ ಹೆಸರುವಾಸಿಯಾದದ್ದು ದೌತಿಯದು. ಶಾಲೆಯ ಮೇಜಿನ ಮೇಲೆ ಒಂದು ಹಿತ್ತಾಳೆಯ ದೌತಿ ಇತ್ತು. ಮಸಿಗೆ ಎರಡು ಬಟ್ಟಲು, ಅದಕ್ಕೆರಡು ಮುಚ್ಚಳ, ಲೇಖನಿ ಒರಗಿಸಿಡಲು ಮುಂದೊಂದು ಕಾಲುವೆ. ನವರಾತ್ರಿಯಲ್ಲಿ ಸರಸ್ವತಿ ಪೂಜೆಗೆ ಪುಸ್ತಕಗಳ ಜೊತೆ ಅದನ್ನೂ ಮಣೆಯ ಮೇಲೆ ಇಡಬೇಕು. ಇಡುವ ಮೊದಲು ವರ್ಷದ ಮಸಿಯನ್ನೆಲ್ಲ ಚೆಲ್ಲಿ, ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಹೊಳೆಯುವ ಹಾಗೆ ತೊಳೆಯಬೇಕು. ಆಗ ಮೇಷ್ಟ್ರು ಮಕ್ಕಳನ್ನು ಸುತ್ತ ಕೂರಿಸಿಕೊಂಡು ಹೇಳುವರು: “ಸಂಸ್ಕೃತದಲ್ಲಿ ಧೌತ ಅಂದ್ರೆ ತೊಳೆದದ್ದು. ವರ್ಷವರ್ಷ ತೊಳೆಸಿಕೊಳ್ಳೋದ್ರಿಂದಲೇ ಇದಕ್ಕೆ ದೌತಿ ಅಂತ ಹೆಸರು. ಏನು?” ಮಕ್ಕಳು ಒಕ್ಕೊರಲಿನಿಂದ ಕೂಗಬೇಕು: “ತೊಳೆದದ್ದೇ ದೌತಿ!” ಇಪ್ಪತ್ತಮೂರು ನವರಾತ್ರಿ ಹೀಗೆ ಕೂಗಿಸಿದ ಮೇಲೆ ಊರವರು ಅವರನ್ನು ದೌತಿ ಮೇಷ್ಟ್ರು ಎಂದೇ ಕರೆಯತೊಡಗಿದ್ದರು. ಅವರಿಗೂ ಅದು ಒಳಗೊಳಗೇ ಇಷ್ಟ.

೧೯೩೭ರ ಭಾದ್ರಪದದಲ್ಲಿ, ಒಂದು ಭಾನುವಾರ, ಭದ್ರಾವತಿಯಿಂದ ಮಾರಪ್ಪ ಬಂದ. ಮೇಷ್ಟ್ರ ಹಳೆಯ ಶಿಷ್ಯ. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವನು, ಈಗ ಕಬ್ಬಿಣದ ಕಾರ್ಖಾನೆಯ ಫೌಂಡ್ರಿಯಲ್ಲಿ ಎರಕ ಹೊಯ್ಯುವ ಮೋಲ್ಡರ್. ಮೂವತ್ತು ದಾಟಿದ ಆಳು, ತೋಳಿನ ತುಂಬ ಕಾದ ಕಬ್ಬಿಣ ಸಿಡಿದ ಕಲೆ. ಆದರೆ ಮೇಷ್ಟ್ರ ಮುಂದೆ ನಿಂತರೆ ಕೈ ತಾನಾಗಿ ಕಟ್ಟಿಕೊಳ್ಳುತ್ತಿತ್ತು.

“ಕೂತ್ಕೊಳೋ ಮಾರಾ.”

“ನಿಂತೇ ಹೇಳ್ತೀನಿ ಮೇಷ್ಟ್ರೇ. ನಮ್ಮ ಫೌಂಡ್ರೀಲಿ ನಿಮ್ಮ ಹತ್ರ ಓದ್ದೋರು ಹನ್ನೊಂದು ಜನ ಇದೀವಿ. ಎಲ್ರೂ ಸೇರಿ ಒಂದು ಸಾಮಾನು ಮಾಡಿದೀವಿ. ಈ ಸಲ ಆಯುಧಪೂಜೆಗೆ ನೀವೂ ಅಮ್ಮಾವ್ರೂ ಬರ್ಬೇಕು. ಎಲ್ಲರ ಮುಂದೆ ನಿಮಗೆ ಕೊಡ್ತೀವಿ.”

“ಏನಪ್ಪಾ ಅದು?”

ಹೇಳಬಾರದು ಎಂದುಕೊಂಡೇ ಬಂದಿದ್ದ ಪಾಪ. ಆದರೆ ಸಂತೋಷ ಅವನ ಹೊಟ್ಟೆಯಲ್ಲಿ ನಿಲ್ಲಲಿಲ್ಲ. “ದೌತಿ, ಮೇಷ್ಟ್ರೇ! ಎರಕದ ದೌತಿ. ಫೋರ್‌ಮನ್ ಗಂಗಾಧರಪ್ಪೋರೇ ಅಪ್ಪಣೆ ಕೊಟ್ಟು, ಉಳಿಕೆ ಕಬ್ಬಿಣ ಕೊಡ್ಸಿದ್ರು. ಮುಂದೆ ಈಟೀಟು ದಪ್ಪ ಅಕ್ಷರ. ಏನಂತ ಹೇಳಿ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ತಾನೇ ಹೇಳಿಬಿಟ್ಟ: “ತೊಳೆದದ್ದೇ ದೌತಿ!”

ಮೇಷ್ಟ್ರ ಎದೆ ಉಬ್ಬಿತು. ತನ್ನ ಮಾತು ಕಬ್ಬಿಣದಲ್ಲಿ! ತಾಮ್ರಶಾಸನ, ಶಿಲಾಶಾಸನ ಬರೆಸಿದ ರಾಜರಿಗೂ ಆಗದಿದ್ದದ್ದು ನನಗೆ ಆಯಿತಲ್ಲ ಎಂದು ಹೆಂಡತಿಯ ಮುಂದೆ ಮೂರು ಸಲ ಹೇಳಿದರು. ನಾಲ್ಕನೆಯ ಸಲ ಆಕೆ, “ಊಟ ತಣ್ಣಗಾಗ್ತಿದೆ” ಎಂದರು.

ಅಷ್ಟು ದೊಡ್ಡ ಉಡುಗೊರೆ ಕೊಡುವ ಶಿಷ್ಯರಿಗೆ ತಾವೂ ಏನಾದರೂ ಕೊಡಬೇಡವೇ? ಅವರ ಬಳಿ ಒಂದು ಹಸ್ತಪ್ರತಿ ಇತ್ತು. ವರ್ಷಗಟ್ಟಲೆ ಕೂತು ಮುನ್ನೂರು ಪದಗಳ ಹುಟ್ಟು ಮತ್ತು ಅರ್ಥ ಬರೆದದ್ದು, ಮೊದಲನೆಯ ಪುಟದಲ್ಲೇ ದೌತಿ. ಅದಕ್ಕೆ ಚೆನ್ನಾದ ರಟ್ಟು ಕಟ್ಟಿಸಿ ಫೌಂಡ್ರಿಯವರಿಗೆ ಕೊಡುವುದೆಂದು ತೀರ್ಮಾನಿಸಿ, ಪೇಟೆ ಬೀದಿಯ ಬೈಂಡಿಂಗ್ ಸಾಹೇಬರ ಅಂಗಡಿಗೆ ಹೋದರು. ಸಾಹೇಬರು ಎಪ್ಪತ್ತು ವರ್ಷದ ಮುದುಕರು, ಬಿಳಿ ಗಡ್ಡ, ಬೆರಳ ತುದಿಯಲ್ಲಿ ಸದಾ ಒಣಗಿದ ಅಂಟು. ಅಪ್ಪನ ಕಾಲದಿಂದ ಅದೇ ಅಂಗಡಿ. ಕನ್ನಡ, ಉರ್ದು, ಫಾರ್ಸಿ ಮೂರೂ ಓದಬಲ್ಲವರು.

ಸಾಹೇಬರು ಹಾಳೆಗಳನ್ನು ತಟ್ಟಿ ಸರಿಮಾಡುತ್ತ ಮೊದಲ ಪುಟದ ಮೇಲೆ ಕಣ್ಣಾಡಿಸಿದರು. ಮತ್ತೊಮ್ಮೆ ಓದಿದರು. ಗಡ್ಡದೊಳಗೇ ನಕ್ಕರು.

“ಯಾಕ್ರೀ ಸಾಹೇಬ್ರೇ, ಅಕ್ಷರ ಸರಿಯಿಲ್ವಾ?”

“ಅಕ್ಷರ ಮುತ್ತಿನ ಹಾಗಿದೆ ಮೇಷ್ಟ್ರೇ. ಆದ್ರೆ ಈ ದೌತಿ ನಮ್ಮ ಮನೆ ಹುಡುಗಿ. ನೀವು ಕಾಶಿ ಗೋತ್ರ ಹೇಳಿಬಿಟ್ಟಿದೀರಿ.”

ಅಟ್ಟದಿಂದ ಒಂದು ಹಳೆಯ ಉರ್ದು ಬಾಲಪುಸ್ತಕ ಇಳಿಸಿ ಧೂಳು ಊದಿ ತೆರೆದರು. ಅಕ್ಷರಕ್ಕೊಂದು ಚಿತ್ರ. ಒಂದು ಚೌಕದಲ್ಲಿ ಮೇಷ್ಟ್ರ ಶಾಲೆಯ ದೌತಿಯಂಥದೇ ಒಂದು ದೌತಿ, ಪಕ್ಕಕ್ಕೊಂದು ಲೇಖನಿ.

“ದಾಲ್ ಸೇ ದವಾತ್,” ಎಂದು ಸಾಹೇಬರು ಬೆರಳಿಟ್ಟು ಓದಿದರು. “ನಮ್ಮ ಕೂಸುಗಳು ಮೊದಲನೇ ತಿಂಗಳು ಕಲಿಯೋದು ಇದನ್ನೇ. ಅರಬ್ಬಿ ಮಾತು, ದವಾತ್, ಮಸಿ ಇಡೋ ಪಾತ್ರೆ. ಅಲ್ಲಿಂದ ಫಾರ್ಸಿಗೆ ಬಂತು. ಫಾರ್ಸೀಲಿ ದಫ್ತರ ಬರೀತಿದ್ದ ಮುನ್ಷಿಗಳ ಜೊತೆ ನಮ್ಮ ಕಡೆಗೆ ಬಂತು. ಒಂಟಿಯಾಗಿ ಬರ್ಲಿಲ್ಲ. ಕಲಮು, ಕಾಗದ, ಶಾಯಿ, ದಫ್ತರ, ಇಡೀ ದಿಬ್ಬಣಾನೇ ಬಂತು. ದವಾತ್ ನಿಮ್ಮ ಬಾಯಲ್ಲಿ ದವತಿ ಆಯ್ತು, ದೌತಿ ಆಯ್ತು.”

ಮೇಷ್ಟ್ರು ವಾದಕ್ಕೆ ಬಾಯಿ ತೆರೆದರು. ಕಲಮು ಎಲ್ಲಿಂದ ಬಂತು ಎಂಬುದು ಅವರಿಗೂ ಗೊತ್ತಿತ್ತು, ನೂರ ನಾಲ್ಕನೆಯ ಪುಟದಲ್ಲಿ ಅವರೇ ಬರೆದಿದ್ದರು. ಕಲಮು ಹೊರಗಿನಿಂದ ಬಂದಿದ್ದರೆ ಅದನ್ನು ಅದ್ದುವ ಪಾತ್ರೆ ಮಾತ್ರ ಹರಿದ್ವಾರದಲ್ಲಿ ಸ್ನಾನ ಮಾಡಿಕೊಂಡು ಬಂತೇ? ತೆರೆದ ಬಾಯಿ ಮುಚ್ಚಿತು. ಇಷ್ಟು ವರ್ಷ ತನಗೆ ಯಾಕೆ ಹೊಳೆಯಲಿಲ್ಲ ಎಂದು ನಾಚಿಕೆಯಾಯಿತು.

“ಬೇಜಾರು ಮಾಡ್ಕೋಬೇಡಿ,” ಎಂದರು ಸಾಹೇಬರು. “ಮಸಿ ನಿಮ್ದು, ದವಾತ್ ನಮ್ದು. ಬರೆಯೋಕೆ ಎರಡೂ ಬೇಕಲ್ಲ? ಹಾಳೆ ಬದಲಾಯಿಸಿಕೊಡಿ, ಹೊಲೀತೀನಿ.”

ಹಾಳೆ ಬದಲಾಯಿಸಬಹುದು. ಕಬ್ಬಿಣವನ್ನು ಏನು ಮಾಡುವುದು?

ಮನೆಗೆ ಬಂದವರೇ ಮೇಷ್ಟ್ರು ಕೋಟನ್ನೂ ಬಿಚ್ಚದೆ ಜಗಲಿಯ ಮೇಲೆ ಕೂತರು. ಸುವರ್ಣಮ್ಮ ಎಲ್ಲವನ್ನೂ ಕೇಳಿಸಿಕೊಂಡು ಮೊದಲು ನಕ್ಕರು. ಗಂಡನ ಮುಖ ನೋಡಿ ನಗು ತಡೆದುಕೊಂಡರು.

“ಅದಿರಲಿ, ಆ ಅರ್ಥ ನೀವು ಯಾವ ಪುಸ್ತಕದಲ್ಲಿ ಓದಿದ್ರಿ?”

“ಅದೇ ನೆನಪಾಗ್ತಿಲ್ಲ ಮಾರಾಯ್ತಿ. ಮೈಸೂರಲ್ಲಿ ಟ್ರೈನಿಂಗ್ ಮಾಡ್ವಾಗ ಯಾರೋ ಪಂಡಿತರು ಹೇಳಿರ್ಬೇಕು.”

“ಸರಿ, ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿಬಿಡಿ.”

“ಹೇಳೋದಾ! ಹನ್ನೊಂದು ಜನ ರಜಾ ದಿನ ಕೂತು ಮಾಡಿದಾರೆ. ಆ ಮಾರ ಓದಿದ್ದೇ ನಾಲ್ಕು ವರ್ಷ. ಅವನ ತಲೇಲಿ ಉಳಿದಿರೋದೇ ಇದೊಂದು ಪಾಠ. ಅದನ್ನೂ ತಪ್ಪು ಅಂತ ಹೇಳಿ ಕಿತ್ಕೊಳ್ಳಲಾ? ಕೊಟ್ಟದ್ದು ಇಸ್ಕೊಂಡು, ಕೈ ಮುಗಿದು ಬಂದ್ಬಿಡ್ತೀನಿ. ಯಾರಿಗೆ ಗೊತ್ತಾಗುತ್ತೆ?”

“ತಪ್ಪು ಹೇಳಿದ ಮಕ್ಕಳ ಕಿವಿ ಮೂವತ್ತು ವರ್ಷ ಹಿಂಡಿದ್ರಿ. ಈಗ ನಿಮ್ಮ ಕಿವಿ ಹಿಂಡೋರು ಯಾರು?” ಎಂದು ಕೇಳಿ ಸುವರ್ಣಮ್ಮ ಒಳಗೆ ಹೋದರು.

ಮಾರನಿಗಾಗಿ ಸುಮ್ಮನಿರುತ್ತೇನೆ ಎಂಬುದು ಅರ್ಧ ನಿಜ. ಇನ್ನರ್ಧ, ದೌತಿ ಮೇಷ್ಟ್ರಿಗೆ ದೌತಿಯೇ ಗೊತ್ತಿಲ್ಲವಂತೆ ಎಂದು ಪೇಟೆಯವರು ನಗುವ ಭಯ. ಆ ಎರಡನೆಯ ಅರ್ಧವನ್ನು ಮೇಷ್ಟ್ರು ಹೆಂಡತಿಗೆ ಹೇಳಲಿಲ್ಲ, ತಮಗೂ ಹೇಳಿಕೊಳ್ಳಲಿಲ್ಲ.

ಆಯುಧಪೂಜೆಯ ದಿನ ಬೆಳಗಿನ ರೈಲಿಗೆ ಗಂಡ ಹೆಂಡತಿ ಭದ್ರಾವತಿಗೆ ಹೋಗಿ ಇಳಿದರು. ಸ್ಟೇಷನ್ನಿನಲ್ಲೇ ಮಾರಪ್ಪ ಕಾದಿದ್ದ. ಹೊಸ ಶರಟು, ಹಣೆಯ ತುಂಬ ಕುಂಕುಮ. ಪೂಜೆಗೆ ಇನ್ನೂ ಹೊತ್ತಿದೆ ಎಂದು ಇಬ್ಬರನ್ನೂ ಫೌಂಡ್ರಿ ನೋಡಲು ಕರೆದುಕೊಂಡು ಹೋದ. ಸುತ್ತಿಗೆ, ಸನಿಕೆ, ಇಕ್ಕಳಗಳನ್ನೆಲ್ಲ ತೊಳೆದು ಸಾಲಾಗಿ ಜೋಡಿಸಿ ಚೆಂಡುಹೂ ಮುಡಿಸಿದ್ದರು. ಕ್ರೇನಿಗೂ ಬಾಳೆಕಂದು ಕಟ್ಟಿದ್ದರು. ತಮಿಳು, ತೆಲುಗು, ಕನ್ನಡ ಮೂರೂ ಒಟ್ಟಿಗೇ ಗದ್ದಲ ಮಾಡುತ್ತಿದ್ದವು.

ಒಂದು ಮೂಲೆಯಲ್ಲಿ ಎರಕದ ತುಂಡುಗಳ ರಾಶಿ ಬಿದ್ದಿತ್ತು. ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ಒಂದರ ಮೇಲೊಂದು ಹಾಯ್ದ ಎರಡು ದೊಡ್ಡ ಗೀಟಿನ ಗುರುತು.

ಮೇಷ್ಟ್ರಿಗೆ ತಮ್ಮ ಕಸುಬಿನ ಗುರುತು ಇಲ್ಲಿ ಕಂಡು ಆಶ್ಚರ್ಯ. “ಇದೇನೋ, ಇಲ್ಲೂ ತಪ್ಪು ಹಾಕ್ತಾರಾ?”

“ಹೂಂ ಮೇಷ್ಟ್ರೇ. ಎರಕ ಹೊಯ್ವಾಗ ಒಳಗೆ ಗಾಳಿ ಸಿಕ್ಕೊಂಡ್ರೆ ತೂತು ಬೀಳುತ್ತೆ. ಎಂಥಾ ಕೆಲ್ಸಗಾರನ ಕೈಲೂ ಒಂದೊಂದ್ಸಲ ಹಾಗಾಗುತ್ತೆ. ಅದಕ್ಕೆ ಸುಣ್ಣದ ಗುರುತು ಹಾಕಿ ಇಲ್ಲಿಗೆ ಎಸೀತೀವಿ. ಒಡೆದು, ಕರಗ್ಸಿ, ಮತ್ತೆ ಹೊಯ್ತೀವಿ. ಕಬ್ಬಿಣ ಎಲ್ಲೂ ಹೋಗಲ್ಲ.”

“ಹೊಯ್ದವನಿಗೆ ಅವಮಾನ ಅಲ್ವೇನೋ?”

ಮಾರಪ್ಪ ತಲೆ ಕೆರೆದುಕೊಂಡ. “ಇದಕ್ಕೆಂಥಾ ಅವಮಾನ? ಮುಚ್ಚಿಟ್ರೆ ಅವಮಾನ. ಇಲ್ಲಿಗೆ ಬರೋಕೆ ಮುಂಚೆ ಒಂದು ಸಣ್ಣ ಎರಕದ ಕೊಟ್ಟಿಗೇಲಿ ಕೆಲ್ಸಕ್ಕಿದ್ದೆ. ಕಬ್ಬಿನ ಗಾಣದ ಉರುಳೆಗೆ ತೂತು ಬಿದ್ದಿತ್ತು. ಹೆದರ್ಕೊಂಡು ಮೇಣ ತುಂಬಿ ಮೇಲೆ ಮಸಿ ಬಳಿದುಬಿಟ್ಟೆ. ನೋಡೋಕೆ ಗಟ್ಟಿಮುಟ್ಟಾಗಿತ್ತು. ಆ ರೈತನ ಗಾಣ ಆಲೆ ನಡೆಯೋ ಹೊತ್ತಲ್ಲೇ ಎರಡು ತುಂಡಾಯ್ತು. ಯಜಮಾನ್ರು ಬೈಲಿಲ್ಲ, ಹೊಡೀಲಿಲ್ಲ. ಆ ರೈತನ ಮುಂದೆ ನನ್ನ ನಿಲ್ಸಿ, ಇವನೇ ಮಸಿ ಬಳಿದೋನು ಅಂದ್ರು. ಅವತ್ತಿಂದ ನನ್ನ ಎರಕಕ್ಕೆ ನಾನೇ ಮೊದಲು ಗುರುತು ಹಾಕ್ತೀನಿ.”

ಸುವರ್ಣಮ್ಮ ಗಂಡನ ಕಿವಿಯ ಕಡೆ ಒಮ್ಮೆ ನೋಡಿದರು, ಅಷ್ಟೆ.

ಪೂಜೆ ಮುಗಿಯಿತು. ಬೂದುಗುಂಬಳಕಾಯಿ ಒಡೆದರು, ಕಡಲೆಪುರಿ ಹಂಚಿದರು. ಮೇಷ್ಟ್ರನ್ನು ಕುರ್ಚಿಯ ಮೇಲೆ ಕೂರಿಸಿ ಹಾರ ಹಾಕಿದರು. ಎದುರಿನ ಮೇಜಿನ ಮೇಲೆ ಕೆಂಪು ಬಟ್ಟೆ ಹೊದಿಸಿದ ದೌತಿ. ಫೋರ್‌ಮನ್ ಗಂಗಾಧರಪ್ಪ ಬಟ್ಟೆ ಸರಿಸಿದಾಗ ಚಪ್ಪಾಳೆಯೋ ಚಪ್ಪಾಳೆ. ಎರಡು ಬಟ್ಟಲು, ಎರಡು ಮುಚ್ಚಳ, ಮುಂದೊಂದು ಕಾಲುವೆ, ಶಾಲೆಯದೇ ಪಡಿಯಚ್ಚು. ಮುಂಭಾಗದಲ್ಲಿ ಗುಂಡಗುಂಡಗಿನ ಅಕ್ಷರ: ತೊಳೆದದ್ದೇ ದೌತಿ. ಇಷ್ಟು ಚೆಂದದ ತಪ್ಪನ್ನು ಮೇಷ್ಟ್ರು ತಮ್ಮ ಜನ್ಮದಲ್ಲಿ ನೋಡಿರಲಿಲ್ಲ.

“ಮಾರಪ್ಪಾ, ಎರಡು ಮಾತಾಡಯ್ಯಾ,” ಎಂದರು ಗಂಗಾಧರಪ್ಪ.

ಮಾರಪ್ಪ ಬೆವರಿದ. ಯಾರೋ ಹಿಂದಿನಿಂದ ದಬ್ಬಿದ ಮೇಲೆ ಮುಂದೆ ಬಂದು ಕೈಕಟ್ಟಿ ನಿಂತ.

“ನಂಗೆ ಭಾಷಣ ಬರಲ್ಲ. ಈ ದೌತಿ ಯಾಕೆ ಮಾಡ್ದೆ ಅಂತ ಹೇಳ್ತೀನಿ. ನಮ್ಮಪ್ಪ ಭೂತಪ್ಪ ಸೌದೆ ಡಿಪೋದಲ್ಲಿ ಕೂಲಿ ಮಾಡ್ತಿದ್ದ. ನಾನು ಇಸ್ಕೂಲಲ್ಲಿ ಬಾಗ್ಲ ಹತ್ರ ಕೂರ್ತಿದ್ದೆ. ಆ ವರ್ಷ ಸರಸ್ವತಿ ಪೂಜೆಗೆ ಎಲ್ರಿಗಿಂತ ಮುಂಚೆ ಬಂದಿದ್ದೆ. ದೌತಿ ಮಸಿ ಮೆತ್ಕೊಂಡು ಹಾಗೇ ಕೂತಿತ್ತು. ತಗೊಂಡು ಹುಣಸೆಹಣ್ಣು ಹಾಕಿ ತೊಳೆದಿಟ್ಟೆ. ಇಸ್ಕೂಲ್ ಕಮಿಟಿ ಉಜ್ಜನಪ್ಪೋರು ಬಂದು ನೋಡಿದ್ರು. ಇವನು ಮುಟ್ಟಿದ್ದು ಪೂಜೆಗೆ ಹೆಂಗಾಗುತ್ತೆ, ಬೇರೆ ತರ್ಸಿ ಅಂತ ಕೂಗಾಡಿದ್ರು. ನಾನು ಅಳ್ತಾ ನಿಂತಿದ್ದೆ. ಆಗ ನಮ್ಮ ಮೇಷ್ಟ್ರು ಎದ್ದು ಬಂದ್ರು.”

ಮೇಷ್ಟ್ರ ಕೈ ಕುರ್ಚಿಯ ತೋಳನ್ನು ಹಿಡಿದುಕೊಂಡಿತು.

“ಬಂದು ಉಜ್ಜನಪ್ಪೋರಿಗೆ ಹೇಳಿದ್ರು, ಯಜಮಾನ್ರೇ, ದೌತಿ ಅನ್ನೋ ಮಾತಿಗೆ ಅರ್ಥಾನೇ ತೊಳೆದದ್ದು ಅಂತ. ಯಾರು ತೊಳೀತಾರೋ ಅವರ ಕೈಯಿಂದಲೇ ಅದಕ್ಕೆ ಆ ಹೆಸರು ಬರೋದು, ಸಂಸ್ಕೃತದಲ್ಲಿ ಹೀಗಿದೆ, ನೀವು ಬೇಡ ಅಂದ್ರೆ ಸರಸ್ವತೀನೇ ಬೇಡ ಅಂದಂಗೆ ಅಂತ. ಸಂಸ್ಕೃತ ಅಂದ ಕೂಡ್ಲೆ ಉಜ್ಜನಪ್ಪೋರು ತಣ್ಣಗಾದ್ರು. ನಾನು ತೊಳೆದ ದೌತೀಗೇ ಪೂಜೆ ಆಯ್ತು. ಉಜ್ಜನಪ್ಪೋರೂ ಕೈ ಮುಗಿದ್ರು. ಅಷ್ಟೇ.”

ಇಪ್ಪತ್ತಮೂರು ವರ್ಷದ ಹಿಂದಿನ ಆ ಬೆಳಗು ಮೇಷ್ಟ್ರ ಕಣ್ಣಮುಂದೆ ಬಂದು ನಿಂತಿತು. ಮೈಸೂರಿನ ಪಂಡಿತರೂ ಇಲ್ಲ, ಪುಸ್ತಕವೂ ಇಲ್ಲ. ಬಾಗಿಲ ಬಳಿ ಅಳುತ್ತಿದ್ದ ಹುಡುಗನ ಒದ್ದೆ ಕೈ ನೋಡಿ, ಉಜ್ಜನಪ್ಪನ ಬಾಯಿ ಮುಚ್ಚಿಸಬೇಕೆಂದು, ಆ ಕ್ಷಣಕ್ಕೆ ಬಾಯಿಗೆ ಬಂದದ್ದನ್ನು ತಾವೇ ಕಟ್ಟಿ ಹೇಳಿದ್ದರು. ಮರುವರ್ಷ ಉಜ್ಜನಪ್ಪ ಮತ್ತೆ ಕೇಳಿಯಾನೆಂದು ಅದನ್ನೇ ಹೇಳಿದರು, ಅದರ ಮುಂದಿನ ವರ್ಷವೂ ಹೇಳಿದರು. ಹೇಳುತ್ತ ಹೇಳುತ್ತ ತಾವೇ ನಂಬಿಬಿಟ್ಟರು.

ಅವರು ಎದ್ದು ನಿಂತರು. ಕೈ ಮುಗಿದು ಕೂತುಬಿಡಬೇಕೆಂದು ಬಂದವರು. ಆದರೆ ಮೂಲೆಯ ರಾಶಿಯ ಗುರುತುಗಳು ನೆನಪಾದವು, ಮೇಣ ತುಂಬಿದ ಉರುಳೆಯೂ ನೆನಪಾಯಿತು.

“ಮಕ್ಕಳಾ,” ಎಂದರು. ಎದುರಿಗೆ ಕೂತವರಲ್ಲಿ ಅರ್ಧ ಜನಕ್ಕೆ ಮೀಸೆ ನರೆತಿತ್ತು. “ಮಾರ ಹೇಳಿದ್ದೆಲ್ಲ ನಿಜ. ನಾನು ಹೇಳಿದ್ದು ಸುಳ್ಳು. ದೌತಿ ಸಂಸ್ಕೃತದ ಮಾತಲ್ಲ. ಅರಬ್ಬಿ ಭಾಷೆಯ ದವಾತ್, ಫಾರ್ಸಿ ಬರೆಯೋರ ಜೊತೆ ಇಲ್ಲಿಗೆ ಬಂದದ್ದು. ತೊಳೆಯೋದಕ್ಕೂ ಆ ಮಾತಿಗೂ ಯಾವ ಸಂಬಂಧಾನೂ ಇಲ್ಲ. ನಮ್ಮ ಪೇಟೆಯ ಬೈಂಡಿಂಗ್ ಸಾಹೇಬರು ಹೇಳೋವರೆಗೆ ನನಗೆ ಗೊತ್ತಿರಲಿಲ್ಲ.”

‘ಗೊತ್ತಿರಲಿಲ್ಲ’ ಎಂಬ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಸುವರ್ಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮೇಷ್ಟ್ರು ಕೋಟಿನ ಜೇಬಿಗೆ ಕೈಹಾಕಿ ಸೀಮೆಸುಣ್ಣ ತೆಗೆದರು. ಮೇಜಿನ ಹತ್ತಿರ ಹೋಗಿ, ಆ ಗುಂಡಗುಂಡಗಿನ ಅಕ್ಷರಗಳ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಒಂದು ಗೀಟು, ಆ ಮೂಲೆಯಿಂದ ಈ ಮೂಲೆಗೆ ಇನ್ನೊಂದು ಗೀಟು ಎಳೆದರು.

“ಎರಕ ಚೆನ್ನಾಗಿದೆ. ತೂತು ಪಾಠದಲ್ಲಿದೆ. ಪಾಠ ಹೊಯ್ದವನು ನಾನು.”

ಮಾರಪ್ಪ ಕಣ್ಣು ಮಿಟುಕಿಸುತ್ತ ದೌತಿಯನ್ನು ನೋಡಿದ, ಮೇಷ್ಟ್ರನ್ನು ನೋಡಿದ.

“ಹಾಗಾದ್ರೆ ಮೇಷ್ಟ್ರೇ, ಅವತ್ತು ನೀವು ಆ ಸುಳ್ಳು ಹೇಳಿದ್ದು...”

“ಹೂಂ ಕಣೋ.”

“ನನಗೋಸ್ಕರಾನಾ?”

ಮೇಷ್ಟ್ರು ಹೌದೆಂದು ತಲೆಯಾಡಿಸಿದರು.

ಮಾರಪ್ಪನ ಮುಖ ಒಮ್ಮೆ ಅಳುವ ಹಾಗಾಗಿ, ಆಮೇಲೆ ಇಡೀ ಮುಖವೇ ನಗೆಯಾಯಿತು. ತಿರುಗಿ ಜನರಿಗೆ ಹೇಳಿದ: “ಕೇಳಿದ್ರಾ! ನಾನು ಇಷ್ಟು ದಿನ ಅದು ಸಂಸ್ಕೃತ ಹೇಳಿದ್ದು ಅಂದ್ಕೊಂಡಿದ್ದೆ. ಹೇಳಿದ್ದು ನಮ್ಮ ಮೇಷ್ಟ್ರು!”

ಚಪ್ಪಾಳೆ ಮೊದಲಿಗಿಂತ ಜೋರಾಗಿ ಬಿತ್ತು. ಹಿಂದಿನ ಸಾಲಿನ ತಮಿಳು ಮೋಲ್ಡರೊಬ್ಬ ಶಿಳ್ಳೆಯನ್ನೇ ಹಾಕಿಬಿಟ್ಟ. ಗಂಗಾಧರಪ್ಪ ಎದ್ದು ಗುರುತನ್ನು ಒರೆಸಲು ಕೈಚಾಚಿದರು. ಮಾರಪ್ಪ ತಡೆದ.

“ಬೇಡಿ ಸಾರ್. ಗುರುತು ಬಿದ್ಮೇಲೆ ಬಿತ್ತು. ನಾನೇ ಒಡೆದು ಕರಗ್ಸಿ ಬೇರೆ ಹೊಯ್ತೀನಿ.”

ಆದರೆ ಅವತ್ತು ಒಡೆಯುವುದು ಹೇಗೆ? ಸುತ್ತಿಗೆಗಳೆಲ್ಲ ಕುಂಕುಮ ಇಟ್ಟುಕೊಂಡು ಪೂಜೆಯಲ್ಲಿ ಕೂತಿದ್ದವು. ವಿಜಯದಶಮಿಯವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಹೀಗಾಗಿ ತಪ್ಪು ದೌತಿಯೂ ಮೈಮೇಲೆ ಸುಣ್ಣದ ಗುರುತು ಹೊತ್ತುಕೊಂಡೇ ಅವುಗಳ ಸಾಲಿನಲ್ಲಿ ಕೂತು, ಒಂದು ಚೆಂಡುಹೂ ಮುಡಿದು, ಸಂಜೆಯ ಮಂಗಳಾರತಿ ಮಾಡಿಸಿಕೊಂಡಿತು.

ಶಿವಮೊಗ್ಗಕ್ಕೆ ಸುದ್ದಿ ಮೇಷ್ಟ್ರಿಗಿಂತ ಮುಂಚೆಯೇ ಬಂದಿತ್ತು. ಪೇಟೆಯವರು ನಕ್ಕರು, ಸುಳ್ಳೇಕೆ ಹೇಳಬೇಕು. ಮೇಷ್ಟ್ರೂ ಅವರ ಜೊತೆ ನಕ್ಕರು, ನಕ್ಕ ಮೇಲೆ ಭಯ ಪಡುವುದಕ್ಕೆ ಏನೂ ಉಳಿಯಲಿಲ್ಲ. ಮೊದಲ ಪುಟವನ್ನು ಹೊಸದಾಗಿ ಬರೆದು ಸಾಹೇಬರಿಗೆ ಕೊಟ್ಟರು. ಫೌಂಡ್ರಿಯವರಿಗೆಂದು ರಟ್ಟು ಕಟ್ಟಿ ಬಂದ ಪುಸ್ತಕದ ಕೊನೆಯಲ್ಲಿ ಐವತ್ತು ಖಾಲಿ ಹಾಳೆಗಳಿದ್ದವು. ಯಾಕೆಂದು ಕೇಳಿದರೆ ಸಾಹೇಬರು, “ಇನ್ನೂ ಇನ್ನೂರ ತೊಂಬತ್ತೊಂಬತ್ತು ಮಾತಿವೆಯಲ್ಲ ಮೇಷ್ಟ್ರೇ, ಇರಲಿ,” ಎಂದರು.

ದೀಪಾವಳಿ ಕಳೆದ ಭಾನುವಾರ ಮಾರಪ್ಪ ಗೋಣಿತಾಟಿನಲ್ಲಿ ಸುತ್ತಿದ ಗಂಟನ್ನು ಹೊತ್ತು ಬಂದ. ಇಳಿಸಿದ್ದೇ ತಡ, ಸುವರ್ಣಮ್ಮ, “ದಾರಿ ಧೂಳೆಲ್ಲ ಮೆತ್ತಿದೆ, ತಡಿ, ಹುಣಸೆಹಣ್ಣು ತರ್ತೀನಿ,” ಎಂದು ಎದ್ದರು.

ಮಾರಪ್ಪ ಗಾಬರಿಯಾದ. “ಅಯ್ಯಯ್ಯೋ ಬೇಡಿ ಅಮ್ಮಾವ್ರೇ! ಇದು ಹಿತ್ತಾಳೆ ಅಲ್ಲ, ಕಬ್ಬಿಣ. ಹುಣಸೆಹುಳಿ ಬಿದ್ರೆ ತುಕ್ಕು ಹಿಡಿಯುತ್ತೆ. ಎಣ್ಣೆ ಬಟ್ಟೇಲಿ ಒರೆಸ್ಬೇಕು ಅಷ್ಟೇ. ಇದನ್ನ ತೊಳೆಯೋ ಹಾಗೇ ಇಲ್ಲ!”

“ತೊಳೆಯೋ ಹಾಗಿಲ್ಲದ ದೌತಿ ಮೇಲೆ ತೊಳೆದದ್ದೇ ದೌತಿ ಅಂತ ಬರೆಸಿದ್ರಾ ನೀವು?” ಎಂದು ಸುವರ್ಣಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾರಪ್ಪನೂ ನಾಚಿಕೊಂಡು ನಕ್ಕ.

ಮೇಷ್ಟ್ರು ಗೋಣಿತಾಟು ಬಿಡಿಸಿದರು. ಅದೇ ಬಟ್ಟಲು, ಅದೇ ಮುಚ್ಚಳ, ಅದೇ ಕಾಲುವೆ. ಮುಂಭಾಗದ ಅಕ್ಷರ ಮಾತ್ರ ಬೇರೆ. ಕನ್ನಡಕ ಮೂಗಿಗೇರಿಸಿ, ಶಿಷ್ಯನ ಸ್ಲೇಟು ತಿದ್ದುವ ಹಾಗೆ ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿ ಓದಿದರು:

ತೊಳೆದವನು ಮಾರ.

“ಇದರಲ್ಲಿ ತಪ್ಪಿದ್ರೆ ಹೇಳಿ ಮೇಷ್ಟ್ರೇ,” ಎಂದ ಮಾರಪ್ಪ, ಕೈ ಕಟ್ಟಿಕೊಂಡು. “ಮತ್ತೆ ಕರಗಿಸ್ತೀನಿ.”

ಮೇಷ್ಟ್ರಿಗೆ ಅಕ್ಷರ ಮಂಜಾದವು. ಕನ್ನಡಕ ತೆಗೆದು ಒರೆಸಿ, ಇನ್ನೊಂದು ಸಲ ಓದಿದರು. ಅರಬ್ಬಿಯೋ ಸಂಸ್ಕೃತವೋ ಕೇಳುವ ಅಗತ್ಯ ಈ ಮಾತಿಗೆ ಇರಲಿಲ್ಲ. ಜೇಬಿನಿಂದ ಸೀಮೆಸುಣ್ಣ ತೆಗೆದು, ಆ ಎರಡು ಪದಗಳ ಪಕ್ಕದಲ್ಲಿ ದೊಡ್ಡದಾಗಿ ಸರಿ ಗುರುತು ಹಾಕಿದರು.